ಬೆಳಕಿನಿಂದ ತ್ಯಾಜ್ಯನೀರಿನ ಶುದ್ಧಿ: ಲೋಹಮಿಶ್ರಿತ ವೇಗವರ್ಧಕಗಳ ಲಾಭ-ನಷ್ಟದ ಲೆಕ್ಕ

ಕಚ್ಚಾಮಾಲು, ಕೂಲಿ, ಬಡ್ಡಿ ಮತ್ತು ವಿದ್ಯುತ್ತಿನ ಖರ್ಚನ್ನು ಪ್ರತಿಯೊಬ್ಬ ಉದ್ಯಮಿಯೂ ಬಾಯಿಪಾಠವಾಗಿ ಬಲ್ಲನು. ಆದರೆ ತನ್ನ ಕಾರ್ಖಾನೆಯಿಂದ ಹೊರಹೋಗುವ ನೀರಿನ ಖರ್ಚೆಷ್ಟು ಎಂದು ಕೇಳಿದರೆ ಉತ್ತರ ಕೊಡುವವರು ವಿರಳ. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ತಿರುಪ್ಪೂರಿನ ನೂರಾರು ಬಣ್ಣಗಾರಿಕೆ ಘಟಕಗಳು ಬಾಗಿಲು ಮುಚ್ಚಬೇಕಾಗಿ ಬಂದಾಗ, ಆ ಖರ್ಚಿನ ನಿಜವಾದ ಗಾತ್ರ ದೇಶದ ಜವಳಿ ವಲಯಕ್ಕೆಲ್ಲ ಮನವರಿಕೆಯಾಯಿತು. ನೊಯ್ಯಲ್ ನದಿಗೆ ಹರಿದ ಬಣ್ಣದ ನೀರಿನ ಬೆಲೆಯನ್ನು ಬಣ್ಣ ಹಾಕಿದವರು ಮಾತ್ರವಲ್ಲ, ಹೆಣೆದವರು, ಹೊಲಿದವರು, ರಫ್ತು ಮಾಡಿದವರು ಸಹ ತೆರಬೇಕಾಯಿತು.

ಈ ಭಯದ ಹಿನ್ನೆಲೆಯಲ್ಲಿ ಹೊಸ ಹೊಸ ಸಂಸ್ಕರಣಾ ತಂತ್ರಗಳು ಮಾರುಕಟ್ಟೆಗೆ ಬರುತ್ತಿರುವುದು ಸಹಜ. ಕೆಲವು ತಿಂಗಳ ಹಿಂದೆ ನನ್ನ ಬಹುಕಾಲದ ಕಕ್ಷಿದಾರರೊಬ್ಬರು ಅಂತಹ ಒಂದು ದರಪಟ್ಟಿಯನ್ನು ಹಿಡಿದು ನನ್ನ ಕಚೇರಿಗೆ ಬಂದರು. ಅವರದು ದಿನಕ್ಕೆ 20 ಕಿಲೋಲೀಟರ್ ತ್ಯಾಜ್ಯನೀರು ಹೊರಬೀಳುವ ನೂಲು ಬಣ್ಣಗಾರಿಕೆಯ ಸಣ್ಣ ಘಟಕ. ದರಪಟ್ಟಿಯ ಮೊತ್ತ ರೂ. 30 ಲಕ್ಷ. ಜೊತೆಗೆ ಎರಡು ಗಾಜಿನ ಸೀಸೆಗಳು: ಒಂದರಲ್ಲಿ ಕಡುನೀಲಿ ನೀರು, ಇನ್ನೊಂದರಲ್ಲಿ ಕುಡಿಯಬಹುದೇನೋ ಎನ್ನಿಸುವಷ್ಟು ತಿಳಿಯಾದ ನೀರು. "ಬರೀ ಬೆಳಕಿನಿಂದಲೇ ಆಗಿದ್ದು ಸರ್, ಔಷಧ ಏನೂ ಹಾಕಿಲ್ಲ. ಶನಿವಾರದೊಳಗೆ ಮುಂಗಡ ಕೊಟ್ಟರೆ ಬೆಲೆಯಲ್ಲಿ ರಿಯಾಯಿತಿ ಕೊಡುತ್ತಾರಂತೆ" ಎಂದರು.

ನಾನು ವಾಣಿಜ್ಯ ಪದವೀಧರ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಮೂವತ್ತು ಲಕ್ಷ ರೂಪಾಯಿಯ ಪ್ರಶ್ನೆಯಾದ್ದರಿಂದ ಕೆಲವು ದಿನ ಓದಿ, ತಿಳಿದವರಲ್ಲಿ ಕೇಳಿ ಅರ್ಥಮಾಡಿಕೊಂಡದ್ದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ತಂತ್ರದ ಮೂಲ

ಈ ತಂತ್ರದ ಕೇಂದ್ರವಸ್ತು ನಮಗೆಲ್ಲ ಪರಿಚಿತವಾದದ್ದೇ: ಬಿಳಿ ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್. 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಅಕಿರ ಫುಜಿಶಿಮ ಮತ್ತು ಕೆನಿಚಿ ಹೊಂಡ ಅವರು ಈ ವಸ್ತುವಿನ ಮೇಲೆ ಬೆಳಕು ಬಿದ್ದಾಗ ನೀರು ವಿಭಜನೆಯಾಗುವುದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಅವರು ಇದೇ ಪುಡಿಯಿಂದ ನೀರಿನಲ್ಲಿದ್ದ ಸಯನೈಡನ್ನು ನಿರ್ಮೂಲ ಮಾಡಬಹುದೆಂದು ತೋರಿಸಿದರು. ಅಲ್ಲಿಂದೀಚೆಗೆ ಬಣ್ಣ, ಕೀಟನಾಶಕ, ಫೀನಾಲ್, ಔಷಧಗಳ ಉಳಿಕೆ ಮುಂತಾದ ಸಾವಯವ ಮಾಲಿನ್ಯಗಳ ಮೇಲೆ ಇದರ ಪ್ರಯೋಗ ಜಗತ್ತಿನಾದ್ಯಂತ ನಡೆದಿದೆ.

ಇದು ಕೆಲಸ ಮಾಡುವ ಬಗೆ ಹೀಗಿದೆ. ಸಾಕಷ್ಟು ಶಕ್ತಿಯುಳ್ಳ ಬೆಳಕು ಈ ಪುಡಿಯ ಕಣದ ಮೇಲೆ ಬಿದ್ದಾಗ ಒಳಗಿನ ಎಲೆಕ್ಟ್ರಾನೊಂದು ತನ್ನ ಸ್ಥಾನ ಬಿಟ್ಟು ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅದಿದ್ದ ಜಾಗದಲ್ಲಿ ಒಂದು ಖಾಲಿ ಸ್ಥಾನ ಉಳಿಯುತ್ತದೆ. ಆ ಖಾಲಿ ಸ್ಥಾನವು ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತ್ಯಂತ ಉಗ್ರವಾದ ಕಣ ಹುಟ್ಟುತ್ತದೆ. ಜಿಗಿದ ಎಲೆಕ್ಟ್ರಾನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರುತ್ತದೆ. ಉತ್ಕರ್ಷಣ ಸಾಮರ್ಥ್ಯದಲ್ಲಿ ಕ್ಲೋರಿನ್ ಸುಮಾರು 1.36 ವೋಲ್ಟ್, ಓಝೋನ್ 2.07 ವೋಲ್ಟ್ ಆದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸುಮಾರು 2.8 ವೋಲ್ಟ್. ಬಣ್ಣದ ಅಣುವನ್ನು ಇದು ಹಂತಹಂತವಾಗಿ ಕಡಿದು, ಸಮಯ ಮತ್ತು ಬೆಳಕು ಸಾಕಷ್ಟಿದ್ದರೆ, ಕೊನೆಗೆ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಸರಳ ಲವಣಗಳಾಗಿ ಮಾಡುತ್ತದೆ. ವೇಗವರ್ಧಕವು ತಾನು ಖರ್ಚಾಗುವುದಿಲ್ಲ. ತತ್ತ್ವದ ಮಟ್ಟಿಗೆ ಮಾರಾಟಗಾರರು ಹೇಳುವುದು ಸುಳ್ಳಲ್ಲ.

ಲೋಹ ಬೆರೆಸುವುದೇಕೆ?

ಶುದ್ಧ ಟೈಟಾನಿಯಂ ಡೈಆಕ್ಸೈಡಿಗೆ ಎರಡು ದೊಡ್ಡ ದೋಷಗಳಿವೆ.

ಮೊದಲನೆಯದು ಬೆಳಕಿಗೆ ಸಂಬಂಧಿಸಿದ್ದು. ಅದರ ಅನಟೇಸ್ ರೂಪವು ಸುಮಾರು 388 ನ್ಯಾನೋಮೀಟರಿಗಿಂತ ಕಿರಿದಾದ ತರಂಗಗಳನ್ನು, ಅಂದರೆ ಅತಿನೇರಳೆ ಕಿರಣಗಳನ್ನು ಮಾತ್ರ ಬಳಸಿಕೊಳ್ಳಬಲ್ಲದು. ನೆಲಕ್ಕೆ ತಲಪುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆಯ ಪಾಲು ಶೇ. 4ರಿಂದ 5 ಮಾತ್ರ. ಕಣ್ಣಿಗೆ ಕಾಣುವ ಬೆಳಕಿನ ಪಾಲು ಶೇ. 40ಕ್ಕೂ ಮಿಗಿಲು, ಅದೆಲ್ಲವೂ ವ್ಯರ್ಥ.

ಎರಡನೆಯದು ಎಲೆಕ್ಟ್ರಾನಿಗೆ ಸಂಬಂಧಿಸಿದ್ದು. ಜಿಗಿದ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಕಣ್ಣುಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಸಮಯದಲ್ಲಿ ಮತ್ತೆ ಖಾಲಿ ಸ್ಥಾನಕ್ಕೆ ಬಿದ್ದುಬಿಡುತ್ತವೆ. ಬೆಳಿಗ್ಗೆ ಗಲ್ಲಾಪೆಟ್ಟಿಗೆಯಿಂದ ತೆಗೆದ ಹಣ ಪೇಟೆಯಲ್ಲಿ ಯಾವ ವ್ಯಾಪಾರವನ್ನೂ ಮಾಡದೆ ಸಂಜೆ ಅದೇ ಪೆಟ್ಟಿಗೆಗೆ ಮರಳಿದ ಹಾಗೆ.

ಕಬ್ಬಿಣ, ತಾಮ್ರ, ವನೇಡಿಯಂ ಮುಂತಾದ ಲೋಹಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಈ ಪುಡಿಯ ಹರಳಿನೊಳಗೆ ಸೇರಿಸಿದರೆ ಕಾಣುವ ಬೆಳಕಿನ ಒಂದು ಭಾಗವೂ ಹೀರಲ್ಪಡುತ್ತದೆ. ಆ ಲೋಹದ ಅಯಾನು ಎಲೆಕ್ಟ್ರಾನನ್ನು ಕೊಂಚ ಹೊತ್ತು ಹಿಡಿದಿಟ್ಟು ಅದು ಕೂಡಲೇ ಹಿಂದಿರುಗದಂತೆ ತಡೆಯುತ್ತದೆ. ಬೆಳ್ಳಿ, ಪ್ಲಾಟಿನಂಗಳನ್ನು ಹರಳಿನೊಳಗೆ ಸೇರಿಸುವ ಬದಲು ಮೇಲ್ಮೈ ಮೇಲೆ ಕೂರಿಸುವುದುಂಟು. ಅವು ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಸೆಳೆದುಕೊಳ್ಳುತ್ತವೆ.

ಆದರೆ ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. 1994ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಚೋಯ್, ಟರ್ಮಿನ್ ಮತ್ತು ಹಾಫ್‌ಮನ್ ಅವರು 21 ಲೋಹ ಅಯಾನುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಬ್ಬಿಣ, ವನೇಡಿಯಂ, ಮಾಲಿಬ್ಡಿನಂ ಮುಂತಾದವು ಶೇ. 0.1ರಿಂದ 0.5ರ ಪ್ರಮಾಣದಲ್ಲಿ ಕ್ರಿಯೆಯನ್ನು ಹೆಚ್ಚಿಸಿದವು. ಕೋಬಾಲ್ಟ್ ಮತ್ತು ಅಲ್ಯೂಮಿನಿಯಂ ಅದನ್ನು ತಗ್ಗಿಸಿದವು. ಪ್ರಮಾಣ ಮೀರಿದರೆ ಲೋಹದ ಅಯಾನುಗಳೇ ಎಲೆಕ್ಟ್ರಾನು ಮತ್ತು ಖಾಲಿ ಸ್ಥಾನ ಒಂದಾಗುವ ತಾಣಗಳಾಗಿ ಪರಿಣಮಿಸುತ್ತವೆ.

ಈ ವಿಷಯದಲ್ಲಿ ನಮ್ಮ ನಾಡಿನ ಕೊಡುಗೆಯೂ ಗಮನಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲರು ರೂಪಿಸಿದ ದ್ರಾವಣ ದಹನ ವಿಧಾನದಿಂದ ಅತಿ ಸಣ್ಣ ಕಣಗಳ ಆಕ್ಸೈಡುಗಳನ್ನು ಸುಲಭವಾಗಿ ತಯಾರಿಸಬಹುದಾಯಿತು. ಅದೇ ವಿಧಾನದಲ್ಲಿ ಪ್ರೊ. ಎಂ.ಎಸ್. ಹೆಗ್ಡೆ ಮತ್ತು ಪ್ರೊ. ಗಿರಿಧರ ಮದ್ರಾಸ್ ಅವರ ತಂಡ ಟಂಗ್‌ಸ್ಟನ್, ವನೇಡಿಯಂ, ಸೀರಿಯಂ, ಜಿರ್ಕೋನಿಯಂ, ಕಬ್ಬಿಣ ಮತ್ತು ತಾಮ್ರ ಬೆರೆಸಿದ ಟೈಟಾನಿಯಂ ಡೈಆಕ್ಸೈಡನ್ನು ತಯಾರಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ನೈಟ್ರೋಫೀನಾಲನ್ನು ವಿಭಜಿಸುವಲ್ಲಿ ಲೋಹ ಬೆರೆಸಿದ ಮಾದರಿಗಳಿಗಿಂತ ಬೆರೆಸದ ಮಾದರಿಯೇ, ಅತಿನೇರಳೆಯಲ್ಲೂ ಬಿಸಿಲಿನಲ್ಲೂ, ಹೆಚ್ಚು ಚುರುಕಾಗಿತ್ತು. ಲೋಹ ಬೆರೆಸಿದ ಮಾತ್ರಕ್ಕೆ ಮಾಲು ಉತ್ತಮವಾಗುವುದಿಲ್ಲ. ಯಾವ ಲೋಹ, ಎಷ್ಟು, ಹೇಗೆ ತಯಾರಿಸಿದ್ದು, ಯಾವ ಮಾಲಿನ್ಯಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಈಗ ಆ ಎರಡು ಸೀಸೆಗಳ ವಿಷಯ. ಬಣ್ಣದ ಅಣುವಿನಲ್ಲಿ ಬಣ್ಣವನ್ನು ಕೊಡುವುದು ಅದರ ಒಂದು ಭಾಗ ಮಾತ್ರ. ಏಜೋ ವರ್ಗದ ಬಣ್ಣಗಳಲ್ಲಿ ಎರಡು ನೈಟ್ರೋಜನ್‌ಗಳ ನಡುವಣ ಕೊಂಡಿ ಮುರಿದರೆ ಸಾಕು, ಬಣ್ಣ ಮಾಯ. ಆದರೆ ಅಣುವಿನ ಉಳಿದ ತುಂಡುಗಳು ನೀರಿನಲ್ಲೇ ಇರುತ್ತವೆ. ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹಾನಿಕರವೂ ಆಗಿರಬಹುದು. ಇದಲ್ಲದೆ, ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಬಳಸುವ ಮೆಥಿಲೀನ್ ಬ್ಲೂ ಬಣ್ಣವು ಕಾಣುವ ಬೆಳಕನ್ನು ತಾನೇ ಹೀರಿ ತನ್ನ ಎಲೆಕ್ಟ್ರಾನನ್ನು ವೇಗವರ್ಧಕಕ್ಕೆ ಕೊಟ್ಟು ತಾನೇ ಕೆಡುತ್ತದೆ. ಆಗ ಲೋಹಮಿಶ್ರಿತ ಪುಡಿಯೇ ಕಾಣುವ ಬೆಳಕಿನಲ್ಲಿ ಕೆಲಸ ಮಾಡಿತೆಂಬ ಭ್ರಮೆ ಉಂಟಾಗುತ್ತದೆ.

ಸರ್ಕಾರ 2016ರಲ್ಲಿ ಪ್ರಕಟಿಸಿದ ಜವಳಿ ಘಟಕಗಳ ಮಾನದಂಡದಲ್ಲಿ ಬಣ್ಣದ ಮಿತಿ 150 ಪ್ಲಾಟಿನಂ-ಕೋಬಾಲ್ಟ್ ಏಕಮಾನ, ಸಿ.ಓ.ಡಿ., ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆಯ ಮಿತಿ ಲೀಟರಿಗೆ 250 ಮಿಲಿಗ್ರಾಂ, ಬಿ.ಓ.ಡಿ. 30, ಕರಗಿದ ಘನವಸ್ತು, ಅಂದರೆ ಟಿ.ಡಿ.ಎಸ್. 2,100. ತಿಳಿನೀರಿನ ಸೀಸೆಯು ಈ ನಾಲ್ಕರಲ್ಲಿ ಒಂದನ್ನು ಮಾತ್ರ ಕಣ್ಣಿಗೆ ತೋರಿಸುತ್ತದೆ.

ಇನ್ನೊಂದು ಮುಖ್ಯ ಸಂಗತಿ: ರಿಯಾಕ್ಟಿವ್ ಬಣ್ಣಗಳಿಂದ ಹತ್ತಿಗೆ ಬಣ್ಣ ಹಾಕುವವರು ಬಣ್ಣದ ತೊಟ್ಟಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪನ್ನೂ ಸೋಡಾ ಆ್ಯಶನ್ನೂ ಹಾಕುತ್ತಾರೆ. ಬೆಳಕಿನ ಈ ತಂತ್ರವು ಉಪ್ಪನ್ನು ಒಂದು ಗ್ರಾಂ ಸಹ ಕಡಿಮೆ ಮಾಡುವುದಿಲ್ಲ. ಉಪ್ಪು ಸಾವಯವ ವಸ್ತುವಲ್ಲ. ಬದಲಾಗಿ, ಉಪ್ಪಿನ ಕ್ಲೋರೈಡ್ ಮತ್ತು ಸೋಡಾದ ಕಾರ್ಬೋನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನುಂಗಿಹಾಕಿ ಬಣ್ಣದ ಪಾಲಿಗೆ ಉಳಿಯುವುದನ್ನು ಕಡಿಮೆ ಮಾಡುತ್ತವೆ. ನೀರು ಕಡುಬಣ್ಣದ್ದಾಗಿದ್ದರೆ ಅಥವಾ ಕದಡಿದ್ದರೆ ಬೆಳಕು ಒಳಕ್ಕೆ ಇಳಿಯುವುದೂ ಇಲ್ಲ.

ಖರ್ಚಿನ ಲೆಕ್ಕ

ಈ ಭಾಗ ನನ್ನ ಕ್ಷೇತ್ರಕ್ಕೆ ಸೇರಿದ್ದು. ನೀರಿನ ಉತ್ಕರ್ಷಣ ತಂತ್ರಗಳನ್ನು ಹೋಲಿಸಲು ವಿಜ್ಞಾನಿಗಳು ಒಂದು ಸರಳ ಅಳತೆಯನ್ನು ಬಳಸುತ್ತಾರೆ: ಒಂದು ಕಿಲೋಲೀಟರ್ ನೀರಿನಲ್ಲಿರುವ ಮಾಲಿನ್ಯವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲು ಎಷ್ಟು ಯೂನಿಟ್ ವಿದ್ಯುತ್ ಬೇಕು? ಪ್ರಕಟಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ 'ವಾಟರ್ ರಿಸರ್ಚ್' ಪತ್ರಿಕೆಯಲ್ಲಿ ಬಂದ ಪರಾಮರ್ಶೆಯೊಂದು ತಂತ್ರಗಳನ್ನು ಮೂರು ಗುಂಪು ಮಾಡಿತು. ಓಝೋನ್ ಹಾಗೂ ಅತಿನೇರಳೆ-ಹೈಡ್ರೋಜನ್ ಪೆರಾಕ್ಸೈಡ್‌ನಂತಹ ತಂತ್ರಗಳಿಗೆ ಮಧ್ಯಮ ಮೌಲ್ಯ ಒಂದು ಯೂನಿಟ್ಟಿಗಿಂತ ಕಡಿಮೆ; ಫೋಟೋ-ಫೆಂಟನ್ ಮುಂತಾದವಕ್ಕೆ 1ರಿಂದ 100 ಯೂನಿಟ್; ಅತಿನೇರಳೆ ದೀಪ ಮತ್ತು ಟೈಟಾನಿಯಂ ವೇಗವರ್ಧಕದ ತಂತ್ರಕ್ಕೆ 100 ಯೂನಿಟ್ಟಿಗೂ ಮೇಲು.

ವಿದ್ಯುತ್ ದರವನ್ನು ಯೂನಿಟ್ಟಿಗೆ ರೂ. 8 ಎಂದು ಇಟ್ಟುಕೊಳ್ಳೋಣ. 100 ಯೂನಿಟ್ಟಿಗೆ ಕಿಲೋಲೀಟರಿಗೆ ರೂ. 800. ದಿನಕ್ಕೆ 20 ಕಿಲೋಲೀಟರಿಗೆ ರೂ. 16,000. ವರ್ಷಕ್ಕೆ 300 ಕೆಲಸದ ದಿನಗಳಿಗೆ ರೂ. 48 ಲಕ್ಷ. ಮೂವತ್ತು ಲಕ್ಷದ ಯಂತ್ರಕ್ಕೆ ಪ್ರತಿವರ್ಷ ನಲವತ್ತೆಂಟು ಲಕ್ಷದ ವಿದ್ಯುತ್! ದರಪಟ್ಟಿಯಲ್ಲಿ ಈ ಸಾಲು ಇರಲೇ ಇಲ್ಲ.

ದೀಪದ ಬದಲು ಬಿಸಿಲನ್ನೇ ಬಳಸಿದರೆ? ವಿದ್ಯುತ್ ಖರ್ಚು ಉಳಿಯುತ್ತದೆ, ಜಾಗದ ಖರ್ಚು ಬರುತ್ತದೆ. ಸ್ಥೂಲ ಲೆಕ್ಕ ಹೀಗೆ: ದೀಪವು ವಿದ್ಯುತ್ತಿನ ಶೇ. 30ನ್ನು ಅತಿನೇರಳೆಯಾಗಿ ಮಾರ್ಪಡಿಸುತ್ತದೆಂದು ಹಿಡಿದರೆ 100 ಯೂನಿಟ್ ವಿದ್ಯುತ್ತಿಗೆ 30 ಯೂನಿಟ್ ಅತಿನೇರಳೆ. ಒಳ್ಳೆಯ ಬಿಸಿಲಿನಲ್ಲಿ ಚದರ ಮೀಟರಿಗೆ 30 ವಾಟ್‌ನಂತೆ ಆರು ಗಂಟೆಗೆ ದೊರೆಯುವ ಅತಿನೇರಳೆ 0.18 ಯೂನಿಟ್. ಹಾಗಾದರೆ ಕಿಲೋಲೀಟರಿಗೆ ಸುಮಾರು 167 ಚದರ ಮೀಟರ್, 20 ಕಿಲೋಲೀಟರಿಗೆ ಸುಮಾರು 3,333 ಚದರ ಮೀಟರ್, ಅಂದರೆ 33 ಗುಂಟೆ ಬಿಸಿಲು ಬೀಳುವ ಜಾಗ ಬೇಕು. ಮಳೆಗಾಲದ ಪ್ರಶ್ನೆ ಬೇರೆ. ಕೈಗಾರಿಕಾ ವಸಾಹತಿನ ಸಣ್ಣ ನಿವೇಶನದಲ್ಲಿ ಇದು ಸಾಧ್ಯವೇ ಎಂಬುದನ್ನು ಓದುಗರೇ ಊಹಿಸಬಹುದು. ಕಾಣುವ ಬೆಳಕನ್ನು ಸಮರ್ಥವಾಗಿ ಬಳಸುವ ಲೋಹಮಿಶ್ರಿತ ವೇಗವರ್ಧಕ ನಿಜಕ್ಕೂ ಕೈಗೂಡಿದರೆ ಈ ಜಾಗ ಹಲವು ಪಟ್ಟು ಇಳಿಯಬಲ್ಲದು. ಸಂಶೋಧಕರು ಅದರ ಬೆನ್ನು ಹತ್ತಿರುವುದು ಇದೇ ಕಾರಣಕ್ಕೆ.

ಇನ್ನು ಪುಡಿಯ ವಿಚಾರ. ಲೀಟರಿಗೆ ಒಂದು ಗ್ರಾಂನಂತೆ ಹಾಕಿದರೂ 20 ಕಿಲೋಲೀಟರಿಗೆ 20 ಕಿಲೋ ಪುಡಿ ಸುತ್ತುತ್ತಿರುತ್ತದೆ. ಪ್ರಸಿದ್ಧವಾದ ಪಿ-25 ದರ್ಜೆಯ ಕಣದ ಗಾತ್ರ ಸುಮಾರು 21 ನ್ಯಾನೋಮೀಟರ್. ಸಾಧಾರಣ ಸೋಸುಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ದಿನಕ್ಕೆ ಶೇ. 5ರಷ್ಟು ಹರಿದುಹೋದರೆ ಒಂದು ಕಿಲೋ ನಷ್ಟ. ವೇಗವರ್ಧಕ ಖರ್ಚಾಗುವುದಿಲ್ಲ ಎಂಬುದು ರಸಾಯನಶಾಸ್ತ್ರದ ಮಾತು, ಜಮಾಖರ್ಚಿನ ಮಾತಲ್ಲ. ಗಾಜಿನ ಅಥವಾ ಮಣಿಗಳ ಮೇಲೆ ಲೇಪಿಸಿದರೆ ನಷ್ಟ ತಪ್ಪುತ್ತದೆ, ಆದರೆ ನೀರಿಗೆ ತಾಗುವ ಮೇಲ್ಮೈ ಕಡಿಮೆಯಾಗಿ ವೇಗ ತಗ್ಗುತ್ತದೆ.

ವ್ಯಾಪಾರಿಗಳಿಗೆ ಒಂದು ಎಚ್ಚರಿಕೆ: ಪೇಂಟಿನ ದರ್ಜೆಯ ಟೈಟಾನಿಯಂ ಡೈಆಕ್ಸೈಡ್ ಇದಕ್ಕೆ ಬದಲಿಯಲ್ಲ. ಬಿಸಿಲಿಗೆ ಪೇಂಟು ಪುಡಿಪುಡಿಯಾಗಿ ಉದುರದಿರಲೆಂದು ಅದರ ಕಣಗಳಿಗೆ ಸಿಲಿಕಾ ಅಥವಾ ಅಲ್ಯೂಮಿನಾ ಲೇಪ ಕೊಟ್ಟಿರುತ್ತಾರೆ. ಅಂದರೆ ನಮಗೆ ಬೇಕಾದ ಗುಣವನ್ನೇ ಅಲ್ಲಿ ಅಡಗಿಸಿರುತ್ತಾರೆ. ಸುಂಕದ ವರ್ಗೀಕರಣದಲ್ಲಿಯೂ ಟೈಟಾನಿಯಂ ಆಕ್ಸೈಡ್ 2823ರಲ್ಲಿ, ವರ್ಣದ್ರವ್ಯ 3206ರಲ್ಲಿ ಬರುತ್ತದೆ. ಬಿಲ್ಲಿನ ಮೇಲಿನ ಸಂಖ್ಯೆಯನ್ನು ನೋಡಿಕೊಳ್ಳಿರಿ. ಈ ಪುಡಿಯ ಧೂಳನ್ನು ಉಸಿರಾಡುವುದು ಮನುಷ್ಯರಲ್ಲಿ ಕ್ಯಾನ್ಸರಿಗೆ ಪ್ರಾಯಶಃ ಕಾರಣವಾಗಬಹುದಾದ 2ಬಿ ಗುಂಪಿಗೆ ಸೇರಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ನಿರ್ಧರಿಸಿರುವುದರಿಂದ, ಪುಡಿ ತೂಗುವ ಕೆಲಸಗಾರರಿಗೆ ಮುಖಗವಸು ಕೊಡುವುದು ಅವಶ್ಯ.

ತೆರಿಗೆ ಮತ್ತು ಕಾನೂನು

1962ರ ಆದಾಯ ತೆರಿಗೆ ನಿಯಮಗಳಲ್ಲಿ ಜಲಮಾಲಿನ್ಯ ನಿಯಂತ್ರಣ ಉಪಕರಣಗಳಿಗೆ ಮೊದಲು ಶೇ. 100, 2017-18ರಿಂದ ಶೇ. 40 ಸವಕಳಿ ದೊರೆಯುತ್ತಿತ್ತು. ಆದರೆ ಅಲ್ಲಿ ಉಪಕರಣಗಳ ಹೆಸರುಗಳನ್ನೇ ಪಟ್ಟಿ ಮಾಡಲಾಗಿತ್ತು: ಜೈವಿಕ ಸೋಸುಕಗಳು, ಅಯಾನು ವಿನಿಮಯ ಕಂಬ, ಕ್ರಿಯಾಶೀಲ ಇದ್ದಿಲಿನ ಕಂಬ ಇತ್ಯಾದಿ. ಬೆಳಕಿನ ವೇಗವರ್ಧಕ ರಿಯಾಕ್ಟರಿನ ಹೆಸರು ಅದರಲ್ಲಿ ಇರಲಿಲ್ಲ. ಸಾಮಾನ್ಯ ಯಂತ್ರವೆಂದು ಪರಿಗಣಿಸಿದರೆ ದರ ಶೇ. 15. ಮೂವತ್ತು ಲಕ್ಷದ ಮೇಲೆ ಮೊದಲ ವರ್ಷದ ವ್ಯತ್ಯಾಸ ರೂ. 12 ಲಕ್ಷ ಮತ್ತು ರೂ. 4.5 ಲಕ್ಷದ ನಡುವಿನದು. 2025ರ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ, ಖರೀದಿಗೆ ಮುನ್ನ ಅದರ ನಿಯಮಗಳ ಪಟ್ಟಿಯನ್ನು ತಮ್ಮ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಬೇಕು. ಯಂತ್ರದ ಜಿ.ಎಸ್.ಟಿ. ಮೊತ್ತದ ಮೇಲೆ ಸವಕಳಿ ಪಡೆದರೆ ಅದೇ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲವೆಂಬುದೂ ನೆನಪಿರಲಿ.

1974ರ ಜಲ ಕಾಯಿದೆಯ 25ನೇ ಪ್ರಕರಣದಂತೆ ತ್ಯಾಜ್ಯನೀರು ಹೊರಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. 33ಎ ಪ್ರಕರಣದಂತೆ ಘಟಕವನ್ನು ಮುಚ್ಚಿಸುವ, ವಿದ್ಯುತ್ ಮತ್ತು ನೀರನ್ನು ಕಡಿತಗೊಳಿಸುವ ಅಧಿಕಾರ ಮಂಡಳಿಗಿದೆ. ಮಂಡಳಿಯು ಅಳೆಯುವುದು ಹೊರಬಿದ್ದ ನೀರನ್ನು, ಯಂತ್ರದ ಹೊಸತನವನ್ನಲ್ಲ. ವೇಗವರ್ಧಕದಿಂದ ಲೋಹ ಕರಗಿ ನೀರಿಗೆ ಸೇರಿದರೆ ಅದಕ್ಕೂ ನಾವೇ ಹೊಣೆ: ಮೇಲ್ಮೈ ಜಲಮೂಲಗಳಿಗೆ ಬಿಡುವ ನೀರಿನಲ್ಲಿ ತಾಮ್ರದ ಸಾಮಾನ್ಯ ಮಿತಿ ಲೀಟರಿಗೆ 3 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ.

ಎಲ್ಲಿ ಉಪಯುಕ್ತ?

ಇಷ್ಟು ಹೇಳಿದ ಮಾತ್ರಕ್ಕೆ ತಂತ್ರವೇ ನಿಷ್ಪ್ರಯೋಜಕವೆಂದು ಭಾವಿಸಬಾರದು. ನೀರಿನ ಪ್ರಮಾಣ ಕಡಿಮೆಯಿದ್ದು, ಅದು ತಿಳಿಯಾಗಿದ್ದು, ಉಪ್ಪು ಅಲ್ಪವಾಗಿದ್ದು, ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳಲಾರದ ವಿಷವಸ್ತು ಸ್ವಲ್ಪವೇ ಉಳಿದಿರುವಲ್ಲಿ, ಉದಾಹರಣೆಗೆ ಔಷಧ ಅಥವಾ ಕೀಟನಾಶಕ ಘಟಕಗಳ ಕೆಲವು ಪ್ರತ್ಯೇಕ ಧಾರೆಗಳಲ್ಲಿ, ಜೈವಿಕ ಸಂಸ್ಕರಣೆಯ ನಂತರದ ಅಂತಿಮ ಹಂತವಾಗಿ ಇದಕ್ಕೆ ಸ್ಥಾನವಿದೆ. ಸ್ಪೇನಿನ ಅಲ್ಮೇರಿಯಾದ ಸೌರಶಕ್ತಿ ಸಂಶೋಧನಾ ಕೇಂದ್ರದಲ್ಲಿ ಬಿಸಿಲಿನ ರಿಯಾಕ್ಟರುಗಳ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಆದರೆ ಬಣ್ಣಗಾರಿಕೆಯ ಕಚ್ಚಾ ತ್ಯಾಜ್ಯನೀರಿಗೆ ಏಕೈಕ ಪರಿಹಾರವಾಗಿ ಇದನ್ನು ಕೊಳ್ಳುವುದು ವಿವೇಕವಲ್ಲ.

ದರಪಟ್ಟಿ ಕೈಗೆ ಬಂದಾಗ ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕಾದ ಉತ್ತರಗಳು ಇವು:

1. ಪರೀಕ್ಷೆ ಪ್ರಯೋಗಾಲಯದ ಶುದ್ಧ ಬಣ್ಣದ ಮೇಲೋ, ನಮ್ಮ ತೊಟ್ಟಿಯ ನೀರಿನ ಮೇಲೋ?
2. ಬಣ್ಣದ ಜೊತೆಗೆ ಸಿ.ಓ.ಡಿ., ಬಿ.ಓ.ಡಿ., ಟಿ.ಡಿ.ಎಸ್. ಎಷ್ಟು ಇಳಿದವು? ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಇದೆಯೇ?
3. ಕಿಲೋಲೀಟರಿಗೆ ಎಷ್ಟು ಯೂನಿಟ್ ವಿದ್ಯುತ್, ಎಷ್ಟು ಗಂಟೆ?
4. ಕತ್ತಲಲ್ಲಿ ವೇಗವರ್ಧಕವಿಟ್ಟು, ಮತ್ತು ವೇಗವರ್ಧಕವಿಲ್ಲದೆ ಬೆಳಕಿಟ್ಟು ಮಾಡಿದ ಹೋಲಿಕೆಯ ಪರೀಕ್ಷೆ ಇದೆಯೇ? ಕತ್ತಲಲ್ಲೂ ಬಣ್ಣ ಇಳಿದರೆ ಅದು ಪುಡಿಗೆ ಅಂಟಿಕೊಂಡದ್ದೇ ಹೊರತು ನಾಶವಾದದ್ದಲ್ಲ.
5. ಸಂಸ್ಕರಿಸಿದ ನೀರಿನಲ್ಲಿ ಬೆರೆಸಿದ ಲೋಹದ ಅಂಶವೆಷ್ಟು? ಎಷ್ಟು ಬಾರಿ ಬಳಸಿದ ಮೇಲೆ ಪುಡಿಯ ಬಲ ಕುಗ್ಗುತ್ತದೆ?

ನನ್ನ ಕಕ್ಷಿದಾರರು ಶನಿವಾರ ಮುಂಗಡ ಕೊಡಲಿಲ್ಲ. ಬದಲಿಗೆ ಈ ಪ್ರಶ್ನೆಗಳನ್ನು ಕಳಿಸಿ ತಮ್ಮದೇ ತೊಟ್ಟಿಯ ಎರಡು ಕ್ಯಾನು ನೀರನ್ನು ಪರೀಕ್ಷೆಗೆ ಕೊಟ್ಟರು. ಮಾರಾಟಗಾರರು ಒಪ್ಪಿ ಪರೀಕ್ಷಿಸಿದ್ದನ್ನು ಮೆಚ್ಚಬೇಕು. ಬಣ್ಣ ಮುಕ್ಕಾಲು ಪಾಲು ಇಳಿದಿತ್ತು, ಸಿ.ಓ.ಡಿ. ಇಳಿದದ್ದು ಅತ್ಯಲ್ಪ, ಟಿ.ಡಿ.ಎಸ್. ಇದ್ದ ಹಾಗೆಯೇ ಇತ್ತು. ಅವರೀಗ ಉಪ್ಪಿನ ಬಳಕೆಯನ್ನೇ ತಗ್ಗಿಸುವ ಬಣ್ಣಗಳನ್ನು ಪರಿಶೀಲಿಸುತ್ತಿದ್ದಾರೆ ಮತ್ತು ಹಳೆಯ ಜೈವಿಕ ತೊಟ್ಟಿಯನ್ನು ಸರಿಪಡಿಸಲು ಹಣ ತೆಗೆದಿರಿಸಿದ್ದಾರೆ. ಅವರ ಮಗ ಆ ಎರಡು ಸೀಸೆಗಳನ್ನು ಕಾರ್ಖಾನೆಯ ಕಚೇರಿಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಪ್ರತಿಯೊಂದರ ಮೇಲೂ ಈಗ ನಾಲ್ಕು ಅಂಕಿಗಳ ಚೀಟಿ ಅಂಟಿಸಲಾಗಿದೆ.

ವಿಜ್ಞಾನ ಮುಂದುವರಿಯುತ್ತಲೇ ಇರುತ್ತದೆ. ಇಂದಿನ ದುಬಾರಿ ತಂತ್ರ ನಾಳೆ ಅಗ್ಗವಾಗಲೂಬಹುದು. ಆ ದಿನ ಬಂದಾಗ ಅದನ್ನು ಸ್ವಾಗತಿಸುವವರಲ್ಲಿ ನಾವೇ ಮೊದಲಿಗರಾಗೋಣ. ಅಲ್ಲಿಯವರೆಗೆ ಸೀಸೆಯನ್ನು ನೋಡುವ ಮೊದಲು ವರದಿಯನ್ನು, ವರದಿಯ ಜೊತೆಗೆ ವಿದ್ಯುತ್ ಬಿಲ್ಲನ್ನು ನೋಡುವ ಅಭ್ಯಾಸ ನಮ್ಮ ಉದ್ಯಮಿ ಬಾಂಧವರಿಗೆ ಇರಲಿ ಎಂದು ವಿನಂತಿಸುತ್ತೇನೆ.